ನೆರೆಯವರ ಮುಖ ಹೊತ್ತ ನಾಣ್ಯ

ಅಕ್ಕ-ಭಾವ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗಿ ಮೂರು ತಿಂಗಳಿದ್ದು ಬಂದರು. ಬಂದ ವಾರವೇ ನೋಡಲು ಹೋದಾಗ ಅಕ್ಕ ಒಂದು ಹಳೆಯ ಅಡಿಕೆ ಡಬ್ಬಿಯನ್ನು ನನ್ನ ಮುಂದಿಟ್ಟಳು. "ನೋಟೆಲ್ಲ ಇಲ್ಲಿ ಬದಲಾಯಿಸ್ಕೊಂಡ್ವಿ. ಈ ಚಿಲ್ಲರೆ ಮಾತ್ರ ಯಾರೂ ಮುಟ್ಟಲ್ವಂತೆ. ನಿನಗೆ ಇಂಥದ್ದೆಲ್ಲ ಆಸೆ ಅಲ್ವಾ, ಇಟ್ಕೋ" ಎಂದಳು. ಡಬ್ಬಿಯಲ್ಲಿ 23 ಯೂರೋ ನಾಣ್ಯಗಳಿದ್ದವು.

ವಿದೇಶದ ನೋಟಿಗೆ ನಮ್ಮಲ್ಲಿ ಬೆಲೆಯುಂಟು, ನಾಣ್ಯಕ್ಕಿಲ್ಲ. ಖರ್ಚಿಗೆ ಬಾರದ ನಾಣ್ಯವನ್ನು ಇನ್ನೇನು ಮಾಡುವುದು? ಕೂತು ನೋಡುವುದು. ಮನೆಗೆ ತಂದು ಬಿಳಿ ಬಟ್ಟೆಯ ಮೇಲೆ ಹರವಿ, ಭೂತಗನ್ನಡಿ ಹಿಡಿದು ಒಂದೊಂದಾಗಿ ವಿಂಗಡಿಸಿದೆ. ಹದ್ದು, ಓಕ್ ಟೊಂಗೆ, ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲು ಇದ್ದ ಜರ್ಮನಿಯವು 11. ಆಸ್ಟ್ರಿಯಾದವು 4, ಇಟಲಿಯವು 3, ಫ್ರಾನ್ಸಿನವು 2. ಸ್ಪೇನ್, ಗ್ರೀಸ್, ಐರ್ಲೆಂಡಿನದು ಒಂದೊಂದು. ಅಕ್ಕ ಮ್ಯೂನಿಕ್ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಇವಿಷ್ಟೂ ಒಂದೇ ಊರಿನ ಬೇಕರಿ, ತರಕಾರಿ ಅಂಗಡಿ, ಟಿಕೆಟ್ ಯಂತ್ರಗಳಲ್ಲಿ ಬಾಕಿ ಚಿಲ್ಲರೆಯಾಗಿ ಅವಳ ಕೈಗೆ ಬಂದವು. ಏಳು ದೇಶಗಳ ಸರ್ಕಾರಗಳು ಹೊರಡಿಸಿದ ನಾಣ್ಯಗಳನ್ನು ಅವಳು ಎಣಿಸಿ ಪಡೆದಿದ್ದಳು, ಎಣಿಸಿ ಕೊಟ್ಟಿದ್ದಳು. ಯಾವುದು ಯಾವ ದೇಶದ್ದು ಎಂದು ಒಮ್ಮೆಯೂ ಕೇಳಿರಲಿಲ್ಲ, ಯಾರೂ ಅವಳನ್ನು ಕೇಳಿರಲಿಲ್ಲ.

ಹಲವು ದೇಶಗಳು ಸೇರಿ ಒಂದು ಹಣ ಮಾಡಿಕೊಂಡರೆ ಅದರ ನಾಣ್ಯದ ಮೇಲೆ ಯಾರ ಚಿತ್ರ ಇರಬೇಕು? ಯೂರೋ ಈ ಪ್ರಶ್ನೆಗೆ ಕೊಟ್ಟ ಉತ್ತರ ಈ ಡಬ್ಬಿಯಲ್ಲಿದೆ. ಪ್ರತಿ ನಾಣ್ಯಕ್ಕೂ ಒಂದು ಮುಖ ಎಲ್ಲರದು, ಇನ್ನೊಂದು ಮುಖ ಹೊರಡಿಸಿದ ದೇಶದ್ದು. ಎಲ್ಲರಿಗೂ ಸೇರಿದ ಮುಖವೇ ಯೂರೋಪನ್ನು ಒಂದು ಮಾಡುವ ಮುಖ ಎಂಬುದು ಸಾಮಾನ್ಯ ತಿಳಿವಳಿಕೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಥೆಯನ್ನು ಹಿಂಬಾಲಿಸಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಒಂದು ಮಾಡಿದ್ದು ಬೇರೆ ಬೇರೆಯಾಗಿ ಉಳಿದ ಆ ಇನ್ನೊಂದು ಮುಖ.

ಹಂಚಿಕೊಂಡ ನಾಣ್ಯ ಹೊಸ ವಿಚಾರವೇನಲ್ಲ. ರೋಮನ್ ಚಕ್ರವರ್ತಿಯ ತಲೆಯಿದ್ದ ಬೆಳ್ಳಿ ದಿನಾರಿ ಬ್ರಿಟನ್ನಿನಿಂದ ಸಿರಿಯಾದವರೆಗೆ ನಡೆಯುತ್ತಿತ್ತು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲೂ ಅವು ಸಿಕ್ಕಿವೆ. ಅಲ್ಲಿ ಎಲ್ಲದರ ಮೇಲೂ ಇದ್ದದ್ದು ಒಬ್ಬನ ಮುಖ, ಮಾತುಕತೆಗೆ ಎಡೆಯಿರಲಿಲ್ಲ. ವಿಜಯನಗರದ ವರಾಹದ ಕಥೆ ಇನ್ನೂ ಸ್ವಾರಸ್ಯದ್ದು. ಸಾಮ್ರಾಜ್ಯ ಬಿದ್ದ ಮೇಲೂ ದಕ್ಷಿಣದ ಸಣ್ಣಪುಟ್ಟ ಅರಸರು, ಕೊನೆಗೆ ಡಚ್ಚರು ಮತ್ತು ಇಂಗ್ಲಿಷರ ಕಂಪನಿಗಳು ಕೂಡ ಅದೇ ಅಳತೆಯ, ಅದೇ ಬಗೆಯ ದೇವರ ಚಿತ್ರಗಳ ಚಿನ್ನದ ಬಿಲ್ಲೆಗಳನ್ನು ಅಚ್ಚು ಹಾಕಿಸಿದರು. ಜನ ನಂಬಿದ್ದು ಆ ಅಚ್ಚನ್ನು, ಹಾಕಿಸಿದವರು ಯಾರು ಎಂಬುದನ್ನಲ್ಲ. ಯೂರೋಪಿನಲ್ಲಿ 1865ರಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ಸೇರಿ ಲ್ಯಾಟಿನ್ ನಾಣ್ಯ ಒಕ್ಕೂಟ ಕಟ್ಟಿದವು. ಮೂರು ವರ್ಷಕ್ಕೆ ಗ್ರೀಸ್ ಸೇರಿತು. ಅಲ್ಲಿ ತೂಕ ಒಂದು, ಲೋಹದ ಶುದ್ಧತೆ ಒಂದು, ಚಿತ್ರ ಮಾತ್ರ ಅವರವರದು. ಮೊದಲ ಮಹಾಯುದ್ಧದ ಹೊಡೆತಕ್ಕೆ ಅದು ಕುಸಿದು 1927ರಲ್ಲಿ ವಿಧ್ಯುಕ್ತವಾಗಿ ಮುಗಿಯಿತು. ಆ ನಾಣ್ಯಗಳನ್ನು ಒಗ್ಗೂಡಿಸಿದ್ದು ಒಳಗಿನ ಬೆಳ್ಳಿ-ಬಂಗಾರ. ಯೂರೋ ನಾಣ್ಯದೊಳಗೆ ಬೆಳ್ಳಿಯೂ ಇಲ್ಲ, ಬಂಗಾರವೂ ಇಲ್ಲ. ನಂಬಿಕೆಯ ಭಾರವನ್ನೆಲ್ಲ ಚಿತ್ರವೇ ಹೊರಬೇಕಾಯಿತು.

ಇವತ್ತಿಗೂ ಹಂಚಿಕೊಂಡ ಹಣ ಬೇರೆಡೆ ಇದೆ. ಪಶ್ಚಿಮ ಆಫ್ರಿಕದ ಎಂಟು ದೇಶಗಳ ಸಿಎಫ್‌ಎ ಫ್ರಾಂಕ್ ನಾಣ್ಯಗಳ ಮೇಲೆ ಅಶಾಂತಿ ಜನ ಚಿನ್ನ ತೂಗಲು ಬಳಸುತ್ತಿದ್ದ ಗರಗಸಮೀನಿನ ಆಕಾರದ ತೂಕದ ಬೊಟ್ಟಿದೆ. ಒಂದೇ ಚಿತ್ರ, ಎಂಟೂ ದೇಶಗಳಿಗೆ. ಚೆಲುವಾದ ಚಿತ್ರವೇ. ಆದರೆ ಸೆನೆಗಲ್‌ನವನು ಬೆನಿನ್‌ನವನನ್ನು ಅದರಲ್ಲಿ ಕಾಣಲಾರ.

ಯೂರೋದ ಸಮಾನ ಮುಖವನ್ನು ಬರೆದವರು ಲುಕ್ ಲೈಕ್ಸ್, ಬೆಲ್ಜಿಯಂ ಟಂಕಸಾಲೆಯಲ್ಲಿ ಕೆಲಸಕ್ಕಿದ್ದ ಕಂಪ್ಯೂಟರ್ ಎಂಜಿನಿಯರ್. ಯೂರೋಪಿನಾದ್ಯಂತ ನಡೆದ ಸ್ಪರ್ಧೆಯಲ್ಲಿ ಗೆದ್ದ ಅವರ ಚಿತ್ರಗಳನ್ನು 1997ರ ಜೂನ್‌ನಲ್ಲಿ ಆಮ್‌ಸ್ಟರ್‌ಡಾಮ್ ಶೃಂಗಸಭೆ ಒಪ್ಪಿತು. ಭೂತಗನ್ನಡಿಯಲ್ಲಿ ನೋಡಿದರೆ ಅವರ ಹೆಸರಿನ ಎರಡು 'ಎಲ್' ಅಕ್ಷರಗಳು ಅಂಚಿನ ಬಳಿ ಸಾಸಿವೆ ಗಾತ್ರದಲ್ಲಿ ಕಾಣುತ್ತವೆ. 1, 2, 5 ಸೆಂಟಿನ ತಾಮ್ರಬಣ್ಣದ ನಾಣ್ಯಗಳಲ್ಲಿ ಭೂಗೋಳ, ಅದರಲ್ಲಿ ಆಫ್ರಿಕ ಮತ್ತು ಏಷ್ಯಾದ ಪಕ್ಕದಲ್ಲಿ ಯೂರೋಪು. 10, 20, 50 ಸೆಂಟಿನವುಗಳಲ್ಲಿ ಯೂರೋಪಿಯನ್ ಒಕ್ಕೂಟದ ಆಗಿನ 15 ಸದಸ್ಯ ದೇಶಗಳು ಬಿಡಿಬಿಡಿಯಾಗಿ, ನಡುವೆ ಸೀಳು ಬಿಟ್ಟು. 1 ಮತ್ತು 2 ಯೂರೋದಲ್ಲಿ ಆ ದೇಶಗಳೆಲ್ಲ ಕೂಡಿಕೊಂಡು. ಬೆಲೆ ಏರಿದಂತೆ ಚದುರಿದ್ದು ಒಂದಾಗುತ್ತದೆ: ಕಿಸೆಯಲ್ಲೇ ಓದಿಕೊಳ್ಳಬಹುದಾದ ಒಂದು ಕಥೆ.

ಆ ಕಥೆಗೆ ಕಾಲದ ಪೆಟ್ಟು ಬೇಗ ಬಿತ್ತು. 2002ರ ಜನವರಿ 1ರಂದು 12 ದೇಶಗಳಲ್ಲಿ ನಾಣ್ಯಗಳು ಚಲಾವಣೆಗೆ ಬಂದವು. ಆ ಹೊತ್ತಿಗೆ ಅಚ್ಚಾಗಿದ್ದದ್ದು ಐದು ಸಾವಿರ ಕೋಟಿಗೂ ಹೆಚ್ಚು. 2004ರಲ್ಲಿ ಒಕ್ಕೂಟಕ್ಕೆ 10 ಹೊಸ ದೇಶಗಳು ಒಟ್ಟಿಗೇ ಸೇರಿದವು. ಪೋಲೆಂಡ್, ಹಂಗೆರಿ, ಬಾಲ್ಟಿಕ್ ತೀರದ ಮೂರು ದೇಶಗಳು ಇರಬೇಕಾದ ಕಡೆ ನಾಣ್ಯದ ಮೇಲೆ ಬರಿಯ ಬಯಲು. 2007ರಿಂದ 10 ಸೆಂಟಿನಿಂದ ಮೇಲಿನ ಐದು ನಾಣ್ಯಗಳ ನಕ್ಷೆ ಬದಲಾಯಿತು. ಗಡಿಗೆರೆಗಳೇ ಇಲ್ಲದ, ಸದಸ್ಯರಲ್ಲದ ದೇಶಗಳೂ ಸೇರಿದ ಒಂದು ಭೂಭಾಗ ಬಂತು. ಆದರೂ ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕಿತ್ತು. ಟರ್ಕಿ ನಕ್ಷೆಯಿಂದ ಹೊರಗುಳಿಯಿತು. ಟರ್ಕಿಯ ಕೆಳಗೆ ಕಡಲಿನಲ್ಲಿರುವ ಸೈಪ್ರಸ್ ಸದಸ್ಯ ದೇಶ, ಬಿಡುವಂತಿರಲಿಲ್ಲ. ಆದ್ದರಿಂದ ಅದನ್ನು ನಿಜವಾದ ಜಾಗದಿಂದ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ ಸರಿಸಿ ಗ್ರೀಸಿನ ಹತ್ತಿರ ಕೂರಿಸಿದರು. ಮಾಲ್ಟಾ ಕಣ್ಣಿಗೆ ಬೀಳಲಿ ಎಂದು ಇರುವುದಕ್ಕಿಂತ ದೊಡ್ಡದಾಗಿ ಬರೆದರು. ನಕ್ಷೆ ಬರೆಯುವವರ ಕಷ್ಟ ಇದು: ಒಳಗೆ ಯಾರು ಎಂದು ಹೇಳಿದ ಕೂಡಲೇ ಹೊರಗೆ ಯಾರು ಎಂದೂ ಹೇಳಿದಂತಾಗುತ್ತದೆ. ನೋಟುಗಳನ್ನು ರಚಿಸಿದ ಆಸ್ಟ್ರಿಯಾದ ರಾಬರ್ಟ್ ಕಲಿನಾ ಯಾವ ದೇಶಕ್ಕೂ ಸೇರದ ಕಾಲ್ಪನಿಕ ಸೇತುವೆಗಳನ್ನು ಬರೆದು ಈ ಕಷ್ಟದಿಂದ ಪಾರಾದರು. ಆ ಸೇತುವೆಗಳನ್ನು ನೋಡಿ ಯಾರಿಗೂ ಮನಸ್ಸು ನೋಯುವುದಿಲ್ಲ. ಯಾರಿಗೂ ತನ್ನ ಊರು ನೆನಪಾಗುವುದೂ ಇಲ್ಲ.

ಇನ್ನು ಬಿಲ್ಲೆಯನ್ನು ಮಗುಚೋಣ.

ಅಕ್ಕನ ಡಬ್ಬಿಯ ಗ್ರೀಕ್ ನಾಣ್ಯ 1 ಯೂರೋದ್ದು. ಅದರ ಮೇಲೊಂದು ಗೂಬೆ, ದುಂಡು ಕಣ್ಣು ಬಿಟ್ಟು ನೇರ ನಮ್ಮನ್ನೇ ನೋಡುತ್ತದೆ. ಗೂಬೆಯ ಸುತ್ತ ಒಂದು ಒರಟು ಅಂಚಿದೆ. ಮೊದಲು ಅಲಂಕಾರ ಎಂದುಕೊಂಡಿದ್ದೆ. ಗಮನಿಸಿದಾಗ ತಿಳಿಯಿತು, ಅದು ಇನ್ನೊಂದು ನಾಣ್ಯದ ಅಂಚು. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನ ಬೆಳ್ಳಿ ನಾಣ್ಯವನ್ನು ಇದ್ದ ಹಾಗೇ ಈ ನಾಣ್ಯದೊಳಗೆ ಮೂಡಿಸಿದ್ದಾರೆ. ಸುತ್ತಿಗೆಯ ಏಟಿಗೆ ಬೆಳ್ಳಿ ಸೊಟ್ಟಗೆ ಹರಡಿದ್ದೂ ಕಾಣುತ್ತದೆ. ಮೆಡಿಟರೇನಿಯನ್ ತೀರದ ಬಂದರುಗಳಲ್ಲೆಲ್ಲ ಒಂದು ಕಾಲಕ್ಕೆ ಒಪ್ಪಿತವಾಗಿದ್ದ ಹಣ ಅದು. ಸ್ವಂತ ದ್ರಾಕ್ಮಾವನ್ನು ಬಿಟ್ಟುಕೊಡುವ ಗಳಿಗೆಯಲ್ಲಿ ಗ್ರೀಕರು, ಹಲವು ನಾಡುಗಳು ನಂಬುವ ಹಣ ನಮಗೆ ಹೊಸದಲ್ಲ ಎಂದು ಹೊಸ ನಾಣ್ಯದ ಮೇಲೇ ಬರೆದಿಟ್ಟರು. ಅವರ 2 ಯೂರೋದ ಮೇಲೆ ಗೂಳಿಯ ರೂಪದ ಜ್ಯೂಸ್ ದೇವ ಹೊತ್ತೊಯ್ಯುತ್ತಿರುವ ಯೂರೋಪಾ ಎಂಬ ರಾಜಕುಮಾರಿ ಇದ್ದಾಳೆ. ಸ್ಪಾರ್ಟಾದ ಹಳೆಯ ಮೊಸಾಯಿಕ್ ನೆಲದಿಂದ ಎತ್ತಿಕೊಂಡ ಚಿತ್ರ ಅದು. ಖಂಡಕ್ಕೆ ಹೆಸರು ಕೊಟ್ಟವಳು ಅವಳೇ. ಸೆಂಟ್ ಎಂಬ ಪದವನ್ನು ಗ್ರೀಕರು ತಮ್ಮ ಮುಖದ ಮೇಲೆ ಬಳಸಲಿಲ್ಲ, ಹಳೆಯ 'ಲೆಪ್ಟಾ' ಎಂಬ ಹೆಸರನ್ನೇ ತಮ್ಮ ಲಿಪಿಯಲ್ಲಿ ಉಳಿಸಿಕೊಂಡರು.

ಇಟಲಿ ಎಂಟು ನಾಣ್ಯಗಳಿಗೂ ಬೇರೆ ಬೇರೆ ಚಿತ್ರ ಕೊಟ್ಟಿತು. ಟಿವಿ ಕಾರ್ಯಕ್ರಮದ ಮೂಲಕ ಜನರ ಮತ ಕೇಳಿ ಬಹುಪಾಲನ್ನು ಆರಿಸಿತು. ಹಾಗಾಗಿ ಅಲ್ಲಿ ಕೊಲೊಸಿಯಂ ಇದೆ, ಬೊಟಿಚೆಲ್ಲಿಯ ವೀನಸ್ ಇದ್ದಾಳೆ, 20ನೆಯ ಶತಮಾನದ ಶಿಲ್ಪಿ ಬೊಚ್ಚಿಯೋನಿಯ ಓಡುವ ಆಕೃತಿಯಿದೆ, ರಾಫೆಲ್ ಬರೆದ ಡಾಂಟೆ ಇದ್ದಾನೆ. 1 ಯೂರೋದ್ದು ಮಾತ್ರ ಜನರ ಮತಕ್ಕೆ ಹೋಗಲಿಲ್ಲ. ಆಗ ಖಜಾನೆ ಸಚಿವರಾಗಿದ್ದ, ಮುಂದೆ ರಾಷ್ಟ್ರಾಧ್ಯಕ್ಷರಾದ ಕಾರ್ಲೋ ಅಜೆಲ್ಯೋ ಚಾಂಪಿ ಅದನ್ನು ತಾವೇ ಆರಿಸಿದರು: ಲಿಯೊನಾರ್ಡೊ ಡಾ ವಿಂಚಿ ಬರೆದ, ಚೌಕ ಮತ್ತು ವೃತ್ತದೊಳಗೆ ಕೈಕಾಲು ಚಾಚಿ ನಿಂತ ಮನುಷ್ಯ. ನಾಣ್ಯ ಮನುಷ್ಯನ ಸೇವೆಗಿರಬೇಕು, ಮನುಷ್ಯ ನಾಣ್ಯದ ಸೇವೆಗಲ್ಲ ಎಂಬುದು ಅವರು ಕೊಟ್ಟ ಕಾರಣ. ಈ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೂಲ ಚಿತ್ರದಲ್ಲಿ ಆ ಮನುಷ್ಯನ ಸುತ್ತ ಇರುವ ವೃತ್ತಕ್ಕೆ ನಾಣ್ಯದ ದುಂಡು ತಾನಾಗಿ ಒದಗಿಬಂದಿದೆ. ಬೆರಳುಗಳು ಬಿಳಿಲೋಹದ ನಡುಭಾಗದಿಂದ ಹಳದಿ ಬಳೆಯ ಕಡೆಗೆ ಚಾಚುತ್ತವೆ. ಯೂರೋದ ಎಲ್ಲ ನಾಣ್ಯಗಳಲ್ಲಿ ಚಿತ್ರವೂ ಬಿಲ್ಲೆಯೂ ಇಷ್ಟು ಹೊಂದಿಕೊಂಡದ್ದು ಇನ್ನೊಂದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಆಸ್ಟ್ರಿಯಾ ಸಣ್ಣ ನಾಣ್ಯಗಳಿಗೆ ಆಲ್ಪ್ಸ್ ಬೆಟ್ಟದ ಹೂಗಳನ್ನು, 1 ಯೂರೋಗೆ ಮೊಜಾರ್ಟನನ್ನು ಕೊಟ್ಟಿತು. ಅವೆರಡೂ ನಿರೀಕ್ಷಿತ. 2 ಯೂರೋ ಮೇಲಿರುವ ಹೆಂಗಸು ಯಾರೆಂದು ಅಕ್ಕನ ಮಗಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರು ಬರ್ತಾ ಫಾನ್ ಸುಟ್ನರ್, ಯುದ್ಧದ ವಿರುದ್ಧ ಬದುಕಿಡೀ ಬರೆದು, 1905ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಅವರು ತೀರಿಕೊಂಡದ್ದು 1914ರ ಜೂನ್‌ನಲ್ಲಿ, ಮಹಾಯುದ್ಧಕ್ಕೆ ಕೆಲವೇ ವಾರ ಮುಂಚೆ. ಎರಡು ಮಹಾಯುದ್ಧ ಕಂಡ ಖಂಡದ ನಾಣ್ಯದ ಮೇಲೆ ಇವರ ಮುಖ ಇರುವುದು ನನ್ನ ಮಟ್ಟಿಗೆ ಆ ನಕ್ಷೆಗಳಿಗಿಂತ ಹೆಚ್ಚು ಯೂರೋಪಿನದು.

ಉಳಿದವನ್ನು ಬೇಗ ನೋಡಿಬಿಡಬಹುದು. ಐರ್ಲೆಂಡ್ ಎಂಟಕ್ಕೂ ಒಂದೇ ಹಾರ್ಪ್ ವಾದ್ಯ ಇಟ್ಟಿತು. ಪೋರ್ಚುಗಲ್ 12ನೆಯ ಶತಮಾನದ ರಾಜಮುದ್ರೆಗಳನ್ನು ತೆಗೆದುಕೊಂಡಿತು. ಫಿನ್ಲೆಂಡ್ 1 ಯೂರೋದ ಮೇಲೆ ಸರೋವರದ ಮೇಲೆ ಹಾರುವ ಹಂಸಗಳನ್ನು, 2 ಯೂರೋದ ಮೇಲೆ ಜೌಗುನೆಲದಲ್ಲಿ ಬೆಳೆಯುವ ಕಾಡುಹಣ್ಣನ್ನು ಬಿಡಿಸಿತು. ಬೆಲ್ಜಿಯಂ ರಾಜನ ತಲೆ ಹಾಕಿತು, ದೇಶದ ಗುರುತನ್ನು ಮೊದಲು ಹಾಕದೆ ಆಮೇಲೆ ಸೇರಿಸಿತು. ಸೈಪ್ರಸ್ ತನ್ನ ಹೆಸರನ್ನು ಗ್ರೀಕ್ ಮತ್ತು ಟರ್ಕಿಶ್ ಎರಡರಲ್ಲೂ ಬರೆಯಿತು. ಅದರ ನಾಣ್ಯದ ಮೇಲಿರುವ ಕೈರೇನಿಯಾದ ಪ್ರಾಚೀನ ಹಡಗಿನ ಅವಶೇಷ ಇರುವುದು ದ್ವೀಪದ ಉತ್ತರಕ್ಕೆ, ಆ ಸರ್ಕಾರದ ಆಡಳಿತ ನಡೆಯದ ಭಾಗದಲ್ಲಿ.

ಲಾಟ್ವಿಯಾದ್ದು ಮಾತ್ರ ಹಾಗೆ ದಾಟಿಹೋಗುವಂಥದ್ದಲ್ಲ. 2014ರಲ್ಲಿ ಸೇರಿದ ಆ ದೇಶ 1 ಮತ್ತು 2 ಯೂರೋದ ಮೇಲೆ ಜಾನಪದ ಉಡುಪಿನ ಒಬ್ಬ ಹುಡುಗಿಯ ಪಾರ್ಶ್ವಮುಖ ಇಟ್ಟಿತು. 1929ರಲ್ಲಿ ಸ್ವತಂತ್ರ ಲಾಟ್ವಿಯಾ ಹೊರಡಿಸಿದ 5 ಲಾಟ್ ಬೆಳ್ಳಿ ನಾಣ್ಯದ ಮೇಲಿದ್ದ ಹುಡುಗಿಯೇ ಅವಳು. ಸೋವಿಯತ್ ಆಡಳಿತ ಬಂದು ದೇಶವೇ ನಕ್ಷೆಯಿಂದ ಅಳಿಸಿಹೋದ ದಶಕಗಳಲ್ಲಿ ಎಷ್ಟೋ ಮನೆಗಳು ಆ ಬೆಳ್ಳಿ ಬಿಲ್ಲೆಯನ್ನು ಮರೆಯಲ್ಲಿ ಜೋಪಾನ ಮಾಡಿದ್ದವು. ಲಾಟ್ವಿಯಾದ ಮೊದಲ ಯೂರೋ ನಾಣ್ಯಗಳು ಅಚ್ಚಾದದ್ದು ಜರ್ಮನಿಯ ಸ್ಟುಟ್‌ಗಾರ್ಟ್ ಟಂಕಸಾಲೆಯಲ್ಲಿ. ಬಚ್ಚಿಟ್ಟು ಕಾಪಾಡಿದ ಮುಖ ಇವತ್ತು ಲಿಸ್ಬನ್ನಿನ ಕಾಫಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೂ ಇರಬಹುದು.

ನಾಣ್ಯವನ್ನು ಕಣ್ಣಿಗಿಂತ ಮೊದಲು ಬೆರಳು ಓದುತ್ತದೆ. ಈ ಮಾತನ್ನು ಯೂರೋ ರೂಪಿಸಿದವರು ಗಂಭೀರವಾಗಿ ತೆಗೆದುಕೊಂಡರು. ಯೂರೋಪಿನ ಅಂಧರ ಒಕ್ಕೂಟವನ್ನು ಆರಂಭದಿಂದಲೇ ಜೊತೆಗಿಟ್ಟುಕೊಂಡರು. ಕಣ್ಣು ಮುಚ್ಚಿ ಪ್ರಯತ್ನಿಸಿದೆ. 1 ಮತ್ತು 5 ಸೆಂಟಿನ ಅಂಚು ನುಣುಪು. 2 ಸೆಂಟಿನ ಅಂಚಿನ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ. 10 ಮತ್ತು 50ರದು ಅಲೆಅಲೆ. 20 ಸೆಂಟಿನದಕ್ಕೆ ಏಳು ಕಚ್ಚುಗಳು, ಅದಕ್ಕೆ 'ಸ್ಪೇನಿನ ಹೂ' ಎಂದೇ ಹೆಸರು. 1 ಯೂರೋದ ಗೀರು ಬಿಟ್ಟು ಬಿಟ್ಟು ಬರುತ್ತದೆ, 2 ಯೂರೋದ್ದು ಎಡೆಬಿಡದ ಸಣ್ಣ ಗೀರು, ಅದರ ಮೇಲೆ ಅಕ್ಷರ. ನಾಲ್ಕನೆಯ ಪ್ರಯತ್ನದ ಹೊತ್ತಿಗೆ 20 ಸೆಂಟನ್ನೂ 2 ಸೆಂಟನ್ನೂ ತಪ್ಪದೆ ಹೇಳುವಂತಾದೆ. 2.30 ಗ್ರಾಂ ತೂಗುವ 1 ಸೆಂಟಿನಿಂದ 8.50 ಗ್ರಾಂ ತೂಗುವ 2 ಯೂರೋವರೆಗೆ ಅಂಗೈಗೆ ಬೇರೆ ಬೇರೆ ಭಾರ. ಈ ಅಳತೆ, ಅಂಚು, ತೂಕಗಳನ್ನು ಯಾವ ದೇಶವೂ ಮುಟ್ಟುವಂತಿಲ್ಲ. ಯೂರೋ ನಾಣ್ಯದಲ್ಲಿ ನಿಜವಾಗಿ ಎಲ್ಲರದಾದ ಭಾಗ ನಕ್ಷೆಯಲ್ಲ, ಈ ಅಂಚು ಎನ್ನಬೇಕು. ಆ ಅಂಚಿನಲ್ಲೂ 2 ಯೂರೋದ ಅಕ್ಷರಗಳಲ್ಲಿ ಮಾತ್ರ ದೇಶಗಳಿಗೆ ಸ್ವಾತಂತ್ರ್ಯ. ಜರ್ಮನಿ ಐಕ್ಯ, ನ್ಯಾಯ, ಸ್ವಾತಂತ್ರ್ಯ ಎಂದು ಬರೆಸಿದೆ. ನೆದರ್‌ಲೆಂಡ್ಸ್ ತನ್ನ ಹಳೆಯ ಗಿಲ್ಡರಿನ ಮೇಲಿದ್ದ, ದೇವರು ನಮ್ಮೊಡನಿರಲಿ ಎಂಬ ಹಾರೈಕೆಯನ್ನೇ ಮುಂದುವರಿಸಿದೆ.

ಲೋಹದ ಆಯ್ಕೆಯಲ್ಲೂ ಇದೇ ಕಾಳಜಿ ಇತ್ತು. ನಿಕಲ್ ತಾಗಿದರೆ ಹಲವರ ಚರ್ಮ ಕೆಂಪಾಗಿ ತುರಿಸುತ್ತದೆ. ಅದಕ್ಕಾಗಿ ನಡುವಿನ ಮೂರು ನಾಣ್ಯಗಳಿಗೆ ನಿಕಲ್ ಇಲ್ಲದ 'ನಾರ್ಡಿಕ್ ಗೋಲ್ಡ್' ಬಳಸಿದರು. ಹೆಸರಿನಲ್ಲಷ್ಟೇ ಚಿನ್ನ: 89 ಪಾಲು ತಾಮ್ರ, ಅಲ್ಯುಮಿನಿಯಂ ಮತ್ತು ಸತು ಐದೈದು, ತವರ ಒಂದು. ಎರಡು ಬಣ್ಣದ 1 ಮತ್ತು 2 ಯೂರೋದಲ್ಲಿ ಯಂತ್ರಗಳು ಖೊಟ್ಟಿಯನ್ನು ಪತ್ತೆ ಹಚ್ಚಲೆಂದು ನಿಕಲ್ ಉಳಿಯಿತು. ಎರಡು ಮಿಶ್ರಲೋಹಗಳು ಬೆವರಿನಲ್ಲಿ ಒದ್ದೆಯಾದರೆ ಸಣ್ಣ ಬ್ಯಾಟರಿಯಂತೆ ವರ್ತಿಸಿ ನಿಕಲ್ ಬಿಡುತ್ತವೆ ಎಂದು ಸ್ವಿಸ್ ಸಂಶೋಧಕರು 2002ರಲ್ಲೇ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ದಿನವಿಡೀ ಚಿಲ್ಲರೆ ಎಣಿಸುವ ಕ್ಯಾಷಿಯರ್‌ಗಳ ಬೆರಳು ನೆನೆದರೆ ಇದು ಸಣ್ಣ ಮಾತಲ್ಲ.

ನಾಣ್ಯಗಳ ಅರ್ಥ ಚೆನ್ನಾಗಿ ತಿಳಿಯುವುದು ಅವುಗಳ ಬಗ್ಗೆ ಜಗಳ ಬಂದಾಗ. ಯೂರೋ ನೋಟನ್ನು ಹೊರಡಿಸುವುದು ಕೇಂದ್ರೀಯ ಬ್ಯಾಂಕುಗಳ ವ್ಯವಸ್ಥೆ, ನಾಣ್ಯವನ್ನು ಹೊರಡಿಸುವುದು ಆಯಾ ದೇಶ. ಎಷ್ಟು ಹೊರಡಿಸಬೇಕು ಎಂಬುದಕ್ಕೆ ಮಾತ್ರ ಯೂರೋಪಿಯನ್ ಸೆಂಟ್ರಲ್ ಬ್ಯಾಂಕಿನ ಒಪ್ಪಿಗೆ ಬೇಕು. ಹಣದ ಮೇಲೆ ದೇಶಕ್ಕೆ ಉಳಿದ ಕೊನೆಯ ಗುರುತು ಈ ಅಂಗುಲದಗಲದ ಜಾಗ. ಅದಕ್ಕೇ ಅದರ ಬಗ್ಗೆ ಅಷ್ಟು ಅಕ್ಕರೆ, ಅಷ್ಟು ಅಭಿಮಾನ.

2015ರಲ್ಲಿ ವಾಟರ್ಲೂ ಯುದ್ಧಕ್ಕೆ 200 ವರ್ಷ ತುಂಬಿತು. ಯುದ್ಧಭೂಮಿ ಇರುವುದು ಬೆಲ್ಜಿಯಂನಲ್ಲಿ, ಸೋತವನು ಫ್ರಾನ್ಸಿನ ನೆಪೋಲಿಯನ್. ಬೆಲ್ಜಿಯಂ ಸ್ಮರಣೆಗೆಂದು 2 ಯೂರೋ ನಾಣ್ಯ ಸಿದ್ಧ ಮಾಡಿದಾಗ ಫ್ರಾನ್ಸ್ ತಡೆಯಿತು. ನಮ್ಮ ಸೋಲಿನ ನೆನಪು ನಮ್ಮದೇ ಅಂಗಡಿಗಳಲ್ಲಿ ಓಡಾಡುವುದು ಹೇಗೆ ಸರಿ ಎಂಬುದು ಅವರ ಅಳಲು. ಆಗಲೇ ಅಚ್ಚಾಗಿದ್ದ 1,80,000 ನಾಣ್ಯಗಳನ್ನು ಬೆಲ್ಜಿಯಂ ನಾಶಮಾಡಬೇಕಾಯಿತು. ಆಮೇಲೆ ಅದು ತನ್ನ ಗಡಿಯೊಳಗೆ ಮಾತ್ರ ನಡೆಯುವ ಎರಡೂವರೆ ಯೂರೋದ ನಾಣ್ಯವನ್ನು ಅದೇ ವಿಷಯಕ್ಕೆ ಹೊರಡಿಸಿತು. ನಾನು ಬೆಲ್ಜಿಯಂನವನಾಗಿದ್ದರೆ ಮೊದಲೇ ಫ್ರಾನ್ಸನ್ನು ಒಂದು ಮಾತು ಕೇಳಿ ಎನ್ನುತ್ತಿದ್ದೆ. ನಿಮ್ಮ ನಾಣ್ಯ ನಿಮ್ಮ ನೆರೆಯವರ ಕಿಸೆಗೂ ಹೋಗುತ್ತದೆ ಎಂದ ಮೇಲೆ, ಅವರ ಗಾಯದ ಮೇಲೆ ಕೈಯಿಡುವ ಮುನ್ನ ಯೋಚಿಸುವುದು ನೆರೆತನದ ಧರ್ಮ.

ಸ್ಲೋವಾಕಿಯಾದ ವಿಷಯದಲ್ಲಿ ನನ್ನ ಮನಸ್ಸು ಇನ್ನೊಂದು ಕಡೆಗೆ ವಾಲುತ್ತದೆ. ಸ್ಲಾವ್ ಜನರಿಗೆ ಲಿಪಿ ಕೊಟ್ಟ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸಹೋದರ ಸಂತರ ನೆನಪಿಗೆ ಅದು 2013ರ ನಾಣ್ಯ ರೂಪಿಸಿತು. ತಲೆಯ ಹಿಂದಿನ ಪ್ರಭಾವಳಿಯನ್ನೂ ನಿಲುವಂಗಿಯ ಮೇಲಿನ ಶಿಲುಬೆಯನ್ನೂ ತೆಗೆಯಬೇಕೆಂದು ಬ್ರಸೆಲ್ಸ್‌ನ ಒಕ್ಕೂಟದ ಆಡಳಿತ ಸೂಚಿಸಿತು, ಧಾರ್ಮಿಕ ಚಿಹ್ನೆ ಎಲ್ಲರಿಗೂ ಒಪ್ಪಿಗೆಯಾಗದು ಎಂಬ ಕಾರಣಕ್ಕೆ. ಸ್ಲೋವಾಕಿಯಾದಲ್ಲಿ ವಿರೋಧ ಎದ್ದಿತು, ಕಡೆಗೆ ಪ್ರಭಾವಳಿಯೊಂದಿಗೇ ನಾಣ್ಯ ಬಂತು. ಪ್ರಭಾವಳಿ ತೆಗೆದರೆ ಅವರು ಆ ಸಂತರಾಗಿ ಉಳಿಯುವುದಿಲ್ಲ, ಇಬ್ಬರು ಗಡ್ಡದ ಗಂಡಸರಾಗುತ್ತಾರೆ. ನಮ್ಮಲ್ಲೂ 2005ರ ಸುಮಾರಿಗೆ 2 ರೂಪಾಯಿ ನಾಣ್ಯದ ಮೇಲೆ ವಿವಿಧತೆಯಲ್ಲಿ ಏಕತೆಯನ್ನು ಸೂಚಿಸಲು ಅಡ್ಡ-ಉದ್ದ ಗೆರೆ ಎಳೆದು ನಾಲ್ಕು ಚುಕ್ಕೆ ಇಟ್ಟಾಗ ಅದು ಶಿಲುಬೆಯೆಂದು ಗದ್ದಲವಾಗಿತ್ತು. ಬಿಡಿಸಿದವನ ಮನಸ್ಸಿನಲ್ಲಿ ಏನೇ ಇರಲಿ, ಹಿಡಿದವನ ಮನಸ್ಸಿನಲ್ಲಿ ಏನಿದೆಯೋ ಅದೂ ನಾಣ್ಯದ ಅರ್ಥಕ್ಕೆ ಸೇರಿಕೊಳ್ಳುತ್ತದೆ.

2023ರಲ್ಲಿ ಸೇರಿದ ಕ್ರೊಯೇಷಿಯಾ 10, 20, 50 ಸೆಂಟಿನ ಮೇಲೆ ವಿಜ್ಞಾನಿ ನಿಕೊಲಾ ಟೆಸ್ಲಾನನ್ನು ಇಡಲು ಹೊರಟಾಗ ಸೆರ್ಬಿಯಾದ ಕೇಂದ್ರೀಯ ಬ್ಯಾಂಕು ಪ್ರತಿಭಟಿಸಿತು. ಟೆಸ್ಲಾ ಹುಟ್ಟಿದ್ದು ಇಂದಿನ ಕ್ರೊಯೇಷಿಯಾದ ಹಳ್ಳಿಯಲ್ಲಿ, ಸೆರ್ಬ್ ಮನೆತನದಲ್ಲಿ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯದೊಳಗೆ. ಸೆರ್ಬಿಯಾದ 100 ದಿನಾರ್ ನೋಟಿನ ಮೇಲೂ ಅವನೇ ಇದ್ದಾನೆ. ಅದೇ ಕ್ರೊಯೇಷಿಯಾದ 1 ಯೂರೋಗೆ 'ಕುನಾ' ಎಂಬ ಪ್ರಾಣಿಯನ್ನು ಆರಿಸಿದ್ದರು. ಮುಂಗುಸಿಯ ಗಾತ್ರದ ಈ ಪ್ರಾಣಿಯ ತುಪ್ಪಳವನ್ನು ಮಧ್ಯಯುಗದಲ್ಲಿ ತೆರಿಗೆಯಾಗಿ ಕೊಡುತ್ತಿದ್ದರು, ಬಿಟ್ಟುಕೊಡುತ್ತಿದ್ದ ಹಣದ ಹೆಸರೂ ಕುನಾ. ಆದರೆ ಗೆದ್ದ ಚಿತ್ರ ಬ್ರಿಟನ್ನಿನ ಛಾಯಾಗ್ರಾಹಕರೊಬ್ಬರ ಫೋಟೋದಂತೆಯೇ ಇದೆ ಎಂಬ ಆಕ್ಷೇಪ ಬಂದು ರಚಿಸಿದವರು ಅದನ್ನು ಹಿಂತೆಗೆದುಕೊಂಡರು, ಬೇರೆಯದನ್ನು ಬರೆಸಬೇಕಾಯಿತು. ಫ್ರಾನ್ಸಿಗೆ 2023ರ ಕೊನೆಯಲ್ಲಿ ಇನ್ನೂ ದುಬಾರಿ ಪಾಠವಾಯಿತು. 10, 20, 50 ಸೆಂಟಿನ ಹೊಸ ಚಿತ್ರಕ್ಕೆ ಒಪ್ಪಿಗೆ ಬರುವ ಮೊದಲೇ 2.7 ಕೋಟಿ ನಾಣ್ಯ ಅಚ್ಚು ಹಾಕಿಸಿದ್ದರು. ಸುತ್ತಲಿನ 12 ನಕ್ಷತ್ರಗಳು ನಿಯಮದಂತೆ ಕೂತಿರಲಿಲ್ಲ. ಅಷ್ಟನ್ನೂ ಕರಗಿಸಬೇಕಾಯಿತು. ತಿದ್ದಿದ ಮೇಲೆ 2024ರಲ್ಲಿ ಬಂದ ನಾಣ್ಯಗಳ ಮೇಲೆ ಸಿಮೋನ್ ವೇಯ್, ಜೋಸೆಫೀನ್ ಬೇಕರ್, ಮೇರಿ ಕ್ಯೂರಿ ಇದ್ದಾರೆ. ನಾಜಿ ಯಾತನಾಶಿಬಿರದಿಂದ ಬದುಕಿ ಬಂದವರು, ಅಮೆರಿಕದಲ್ಲಿ ಹುಟ್ಟಿದವರು, ಪೋಲೆಂಡಿನಲ್ಲಿ ಹುಟ್ಟಿದವರು. ಮೂವರೂ ಫ್ರಾನ್ಸ್.

ಇಷ್ಟೆಲ್ಲ ಜಗಳವಾಡಿ ಹೊರಡಿಸಿದ ನಾಣ್ಯಗಳು ಗಲ್ಲಾಪೆಟ್ಟಿಗೆಗೆ ಬಿದ್ದ ಮೇಲೆ ಏನಾಗುತ್ತವೆ? ಬೆರೆಯುತ್ತವೆ. ಪ್ರವಾಸಿ, ಲಾರಿ ಚಾಲಕ, ಗಡಿಯಾಚೆ ಪೆಟ್ರೋಲ್ ತುಂಬಿಸಿಕೊಳ್ಳುವವರು, ರಜೆಗೆ ಊರಿಗೆ ಹೋಗುವ ಕೂಲಿಗಳು ಇವರ ಜೇಬಿನಲ್ಲಿ ಕೂತು ದೇಶದಿಂದ ದೇಶಕ್ಕೆ ಸಾಗುತ್ತವೆ. 2002ರಲ್ಲೇ ನೆದರ್‌ಲೆಂಡ್ಸಿನ ಗಣಿತಜ್ಞರು, ನಿಮ್ಮ ಪರ್ಸಿನಲ್ಲಿ ಯಾವ ದೇಶದವು ಎಷ್ಟಿವೆ ಎಣಿಸಿ ತಿಳಿಸಿ ಎಂದು ಜನರನ್ನೇ ಕೇಳಿ ಈ ಬೆರಕೆಯ ವೇಗವನ್ನು ಅಳೆಯತೊಡಗಿದರು. ಅಕ್ಕನ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನವು. ಜರ್ಮನಿಯವರ ಪಕ್ಕದ ಸಾಲಿನಲ್ಲಿ ಆಸ್ಟ್ರಿಯಾ, ಇಟಲಿ. ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯ ಊರುಗಳನ್ನು ಎಣಿಸಿದಂತೆ.

ಇಲ್ಲಿ ನಮ್ಮೂರಿನ ಒಂದು ಸಂಗತಿ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಕರ್ನಾಟಕದ ಎಷ್ಟೋ ಅಂಗಡಿಗಳಲ್ಲಿ 10 ರೂಪಾಯಿ ನಾಣ್ಯ ತೆಗೆದುಕೊಳ್ಳುತ್ತಿರಲಿಲ್ಲ. "ಇದು ನಡೆಯಲ್ಲ ಸಾರ್, ಗೆರೆ ಬೇರೆ ಇದೆ" ಎನ್ನುತ್ತಿದ್ದರು. ಒಂದರಲ್ಲಿ ಹತ್ತು ಗೆರೆ, ಇನ್ನೊಂದರಲ್ಲಿ ಹದಿನೈದು. ಒಂದರಲ್ಲಿ ರೂಪಾಯಿ ಚಿಹ್ನೆ ಇದೆ, ಇನ್ನೊಂದರಲ್ಲಿಲ್ಲ. ಯಾವುದು ಅಸಲಿ ಎಂಬ ಅನುಮಾನ ಊರಿಂದ ಊರಿಗೆ ಹಬ್ಬಿತು. 14 ಬಗೆಯ ಚಿತ್ರಗಳ ನಾಣ್ಯಗಳಿವೆ, ಎಲ್ಲವೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಪ್ರಕಟಣೆ ಕೊಡಬೇಕಾಯಿತು. ಒಂದೇ ದೇಶದ, ಒಂದೇ ಸರ್ಕಾರದ ನಾಣ್ಯದ 14 ಮುಖಗಳನ್ನು ನಂಬುವುದು ನಮಗೆ ಇಷ್ಟು ಕಷ್ಟವಾಯಿತು. ಯೂರೋಪಿನಲ್ಲಿ ಸ್ಮರಣೆಯ 2 ಯೂರೋಗಳನ್ನೂ ಎಣಿಸಿದರೆ ನೂರಾರು ಮುಖಗಳು ಓಡಾಡುತ್ತಿವೆ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆಂದು ಗ್ರೀಸ್ ಇದನ್ನು ಶುರು ಮಾಡಿತು, ಈಗ ಪ್ರತಿ ದೇಶವೂ ವರ್ಷಕ್ಕೆ ಎರಡು ಹೊರಡಿಸಬಹುದು. ನಮ್ಮ ಅಂಗಡಿಯವರನ್ನು ದೂರಬೇಕಿಲ್ಲ. ಅಲ್ಲಿನ ಜನಕ್ಕೆ ನಾಣ್ಯಕ್ಕೆ ಒಂದು ಬದಲಾಗುವ ಮುಖವಿದೆ, ಒಂದು ಬದಲಾಗದ ಮುಖವಿದೆ ಎಂದು ಮೊದಲ ದಿನವೇ ತಿಳಿಸಿ ಹೇಳಿದ್ದರು. ನಮಗೆ ಯಾರೂ ಹೇಳಲಿಲ್ಲ.

ಈ ನಂಬಿಕೆಗೆ ಅತಿ ಕಠಿಣ ಪರೀಕ್ಷೆ ಬಂದದ್ದು 2015ರ ಬೇಸಿಗೆಯಲ್ಲಿ. ಗ್ರೀಸಿನ ಬ್ಯಾಂಕುಗಳು ಸುಮಾರು ಮೂರು ವಾರ ಬಾಗಿಲು ಹಾಕಿದವು. ಎಟಿಎಂನಿಂದ ದಿನಕ್ಕೆ 60 ಯೂರೋಗಿಂತ ಹೆಚ್ಚು ತೆಗೆಯುವಂತಿರಲಿಲ್ಲ, ಪಿಂಚಣಿಗಾಗಿ ವೃದ್ಧರು ಸಾಲುಗಟ್ಟಿ ನಿಂತರು. ಗ್ರೀಸ್ ಯೂರೋದಲ್ಲಿ ಉಳಿಯುವುದೇ ಅನುಮಾನವಾಗಿತ್ತು. ನಾಣ್ಯದ ಚಿತ್ರಗಳು ಈ ನೋವನ್ನು ತಡೆಯಲಿಲ್ಲ, ತಡೆಯಲಾರವು. ಹಂಚಿಕೊಂಡ ಹಣದ ಹಿಂದೆ ಹಂಚಿಕೊಂಡ ಹೊಣೆ ಎಷ್ಟಿದೆ ಎಂಬ ಪ್ರಶ್ನೆಗೆ ಚೆಲುವಾದ ಗೂಬೆ ಉತ್ತರವಲ್ಲ. ಆದರೆ ಆ ವಾರಗಳಲ್ಲೂ ಬರ್ಲಿನ್ನಿನ ಬೇಕರಿಯಲ್ಲಿ ಆ ಗೂಬೆ ಕೊಟ್ಟರೆ ಹದ್ದಿಗೆ ಸಿಗುವಷ್ಟೇ ಬ್ರೆಡ್ಡು ಸಿಗುತ್ತಿತ್ತು. ಎರಡು ಸರ್ಕಾರಗಳು ಮುಖ ಕೊಟ್ಟು ಮಾತಾಡದ ಕಾಲದಲ್ಲಿ ಆ ಎರಡು ಬಿಲ್ಲೆಗಳು ಒಂದೇ ಗಲ್ಲಾಪೆಟ್ಟಿಗೆಯಲ್ಲಿದ್ದವು ಎಂಬುದನ್ನು ನಾನು ಹಗುರವಾಗಿ ಕಾಣಲಾರೆ.

ಸಣ್ಣ ನಾಣ್ಯಗಳು ಕಣ್ಮರೆಯಾಗುತ್ತಿವೆ. ಫಿನ್ಲೆಂಡ್ ಮೊದಲಿನಿಂದಲೂ 1 ಮತ್ತು 2 ಸೆಂಟನ್ನು ದಿನಬಳಕೆಗೆ ಬಿಡಲಿಲ್ಲ, ಬಿಲ್ಲನ್ನು ಐದರ ಲೆಕ್ಕಕ್ಕೆ ಸರಿಹೊಂದಿಸಿತು. ನೆದರ್‌ಲೆಂಡ್ಸ್, ಐರ್ಲೆಂಡ್, ಬೆಲ್ಜಿಯಂ ಅದೇ ದಾರಿ ಹಿಡಿದವು. ಇಟಲಿ 2018ರಲ್ಲಿ ಅವನ್ನು ಅಚ್ಚು ಹಾಕುವುದನ್ನು ನಿಲ್ಲಿಸಿತು. ಆಫ್ರಿಕ ಮತ್ತು ಏಷ್ಯಾದ ಜೊತೆಗೆ ಯೂರೋಪನ್ನು ತೋರಿಸುವ ಚಿತ್ರ ಇರುವುದು ಆ ತಾಮ್ರದ ಬಿಲ್ಲೆಗಳ ಮೇಲೆ ಮಾತ್ರ. ಲೈಕ್ಸ್ ಬರೆದವುಗಳಲ್ಲಿ ಮೊದಲ ರೂಪದಲ್ಲೇ ಉಳಿದಿರುವುದೂ ಅದೊಂದೇ. ಅದು ಹೋಗುವುದು ನನಗೆ ನಷ್ಟವೆನಿಸುತ್ತದೆ.

2026ರ ಜನವರಿ 1ರಂದು ಬಲ್ಗೇರಿಯಾ 21ನೆಯ ದೇಶವಾಗಿ ಸೇರಿತು. ಅದರ ಸೆಂಟುಗಳ ಮೇಲೆ ಮದಾರಾ ಬಂಡೆಯಲ್ಲಿ ಕೆತ್ತಿದ ಕುದುರೆ ಸವಾರ, 1 ಯೂರೋದ ಮೇಲೆ ರಿಲಾದ ಸಂತ ಇವಾನ್, 2 ಯೂರೋದ ಮೇಲೆ ಬಲ್ಗೇರಿಯನ್ನರ ಇತಿಹಾಸ ಬರೆದ 18ನೆಯ ಶತಮಾನದ ಸನ್ಯಾಸಿ ಪೈಸಿ. ಅಕ್ಷರಗಳು ಸಿರಿಲಿಕ್. ನೋಟುಗಳ ಮೇಲೆ ಆ ಲಿಪಿ 2013ರಿಂದಲೇ ಇತ್ತು, ನಾಣ್ಯದ ಮೇಲೆ ಇದೇ ಮೊದಲು. ಸಿರಿಲ್ ಮತ್ತು ಮೆಥೋಡಿಯಸ್ ಸ್ಲೋವಾಕಿಯಾದ ನಾಣ್ಯದ ಮೇಲೆ ಚಿತ್ರವಾಗಿ ಬಂದಿದ್ದರು, ಅವರ ಶಿಷ್ಯರು ಬೆಳೆಸಿದ ಅಕ್ಷರ ಈಗ ಹಿಂದೆಯೇ ಬಂದು ಸೇರಿಕೊಂಡಿತು.

ಅಕ್ಕನ ಮಗಳಿಗೆ ಫೋನ್ ಮಾಡಿ ಬಲ್ಗೇರಿಯಾದ್ದು ಒಂದು ಸಿಕ್ಕರೆ ಎತ್ತಿಡು ಎಂದಿದ್ದೆ. ಮೊನ್ನೆ ಅವಳೇ ಫೋನ್ ಮಾಡಿದಳು. "ಮಾವ, ಇಲ್ಲಿಗೆ ಇನ್ನೂ ಬಂದಿಲ್ಲ ಅನ್ಸತ್ತೆ. ದಿನಾ ಚಿಲ್ಲರೆ ಮಗುಚಿ ಮಗುಚಿ ನೋಡ್ತಿದೀನಿ. ನಿನ್ನೆ ಬೇಕರಿಯಾಕೆ ಏನು ಹುಡುಕ್ತಿದೀಯ ಅಂತ ಕೇಳಿದ್ರು, ಹೇಳ್ದೆ. ಅವರೂ ಡ್ರಾಯರ್ ಎಳೆದು ಹುಡುಕೋಕೆ ಶುರು ಮಾಡಿದ್ರು, ಹಿಂದೆ ಕ್ಯೂ ಇತ್ತು. ಬಲ್ಗೇರಿಯಾದ್ದು ಸಿಗ್ಲಿಲ್ಲ, ಲಿಥುವೇನಿಯಾದ್ದು ಸಿಕ್ತು. ಕುದುರೆ ಮೇಲೆ ಕತ್ತಿ ಹಿಡಿದವನು ಇದ್ದಾನೆ. ಅದನ್ನ ಕೊಟ್ಟಿದಾರೆ, ಇಡ್ಲಾ?"

ಇಡು ಎಂದೆ.